ಕಿಟ್ಟೆಲರೂ ‘ಎಂದು’ ಎಂಬ ಪದವೂ

ಕನ್ನಡಕ್ಕೆ ಮಹಾನಿಘಂಟನ್ನು ರಚಿಸಿಕೊಟ್ಟ ಫರ್ಡಿನೆಂಡ್ ಕಿಟ್ಟೆಲರು 1832ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಜರ್ಮನಿಯ ವಾಯವ್ಯ ಭಾಗದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿಗಳು. ಬಾಲ್ಯದಲ್ಲಿಯೇ ಕಿಟ್ಟೆಲರು ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು ಕಲಿತರು. ಮುಂದೆ ಬಾಸೆಲ್ ನಗರದ ಮಿಷನ್ ಸಂಸ್ಥೆಯಲ್ಲಿ ಶಿಕ್ಷಣ ಪಡೆದು, 1853ರಲ್ಲಿ ಭರತಖಂಡಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಅವರನ್ನು ಕಳುಹಿಸಿದುದು ಧರ್ಮಪ್ರಚಾರಕ್ಕಾಗಿ. ಅವರ ಮನಸ್ಸು ನಿಂತುದು ಭಾಷೆಯಲ್ಲಿ.

ಧಾರವಾಡದಲ್ಲಿ ಕನ್ನಡವನ್ನು ಕಲಿಯಲು ಕುಳಿತ ಈ ತರುಣನಿಗೆ ಎದುರಾದ ವಾಕ್ಯರಚನೆಯನ್ನು ನಾವು ಸ್ವಲ್ಪ ನೋಡೋಣ. ವಿದ್ಯಾರ್ಥಿಗಳೇ, ನೀವು ಇಂಗ್ಲಿಷ್ ಪಾಠದಲ್ಲಿ ‘ದಟ್’ ಎಂಬ ಪದವನ್ನು ಓದಿರುವಿರಿ. ‘ಹಿ ಸೆಡ್ ದಟ್’ ಎಂದು ಮೊದಲು ಕ್ರಿಯಾಪದ, ಆಮೇಲೆ ‘ದಟ್’, ಅದರ ಹಿಂದೆ ಹೇಳಿದ ವಿಷಯ. ‘ದಟ್’ ಎಂದರೆ ಮೂಲತಃ ‘ಅದು’. ಬೆರಳಿನಿಂದ ತೋರಿಸುವ ಪದ. ‘ನನಗೆ ಅದು ಗೊತ್ತು: ಅವನು ಬರುತ್ತಾನೆ’ ಎಂಬಂಥ ಮಾತೇ ಕಾಲಕ್ರಮದಲ್ಲಿ ಗಟ್ಟಿಯಾಗಿ ಒಂದೇ ವಾಕ್ಯವಾಯಿತು. ಕಿಟ್ಟೆಲರ ತಾಯ್ನುಡಿಯಾದ ಜರ್ಮನಿನಲ್ಲಿಯೂ ಅದೇ ಮೂಲದ ‘ಡಾಸ್’ ಪದವಿದೆ. ಅದೂ ವಿಷಯದ ಮುಂದೆಯೇ ನಿಲ್ಲುತ್ತದೆ.

ಕನ್ನಡದಲ್ಲಿ ಎಲ್ಲವೂ ಹಿಂದುಮುಂದು. ‘ನಾಳೆ ಮಳೆ ಬರುತ್ತದೆ ಎಂದು ತಂದೆಯವರು ಹೇಳಿದರು.’ ಇಲ್ಲಿ ವಿಷಯ ಮೊದಲು, ‘ಎಂದು’ ನಡುವೆ, ಹೇಳುವ ಕ್ರಿಯೆ ಕೊನೆಗೆ. ಈ ‘ಎಂದು’ ತೋರಿಸುವ ಪದವಲ್ಲ. ‘ಎನ್ನು’ ಎಂಬ ಕ್ರಿಯಾಪದದಿಂದಲೇ ಹುಟ್ಟಿದುದು. ಮಾತಿನಲ್ಲಿ ಅದು ‘ಅಂತ’ ಆಗಿದೆ. ತಮಿಳಿನ ‘ಎನ್ಱು’, ತೆಲುಗಿನ ‘ಅನಿ’, ಮಲಯಾಳದ ‘ಎನ್ನು’ ಇದರ ಒಡಹುಟ್ಟಿದವರು. ಸಂಸ್ಕೃತದ ‘ಇತಿ’ಯೂ ಸಾಮಾನ್ಯವಾಗಿ ಮಾತಿನ ಕೊನೆಯಲ್ಲಿಯೇ ನಿಲ್ಲುತ್ತದೆ. ಇಷ್ಟೇ ಅಲ್ಲ: ‘ಧೊಪ್ಪೆಂದು ಬಿದ್ದನು’ ಎನ್ನುವಾಗ ಬಿದ್ದವನು ಏನನ್ನೂ ಹೇಳಲಿಲ್ಲ, ಆದರೂ ‘ಎಂದು’ ಬಂದಿದೆ! ‘ರಾಮನೆಂಬ ಅರಸನು’ ಎಂಬಲ್ಲಿ ಅದರ ತಮ್ಮನಾದ ‘ಎಂಬ’ ಹೆಸರನ್ನು ಹೊತ್ತು ತರುತ್ತದೆ. ನಾವು ಕನ್ನಡಿಗರು ಎಣಿಸದೆಯೇ ದಿನಕ್ಕೆ ನೂರು ಸಲ ಆಡುವ ಈ ಸಣ್ಣ ಪದದ ಬಹುವಿಧ ಬಳಕೆಯನ್ನು ಪರಭಾಷೆಯವನು ಒಂದೊಂದಾಗಿ ಕೇಳಿ, ಬರೆದು, ಹೊಂದಿಸಿಯೇ ತಿಳಿಯಬೇಕು.

ಕಿಟ್ಟೆಲರು ಆ ಕೆಲಸಕ್ಕೆ ತಮ್ಮ ಬಾಳನ್ನೇ ಕೊಟ್ಟರು. ಅವರು ಊರೂರು ನಡೆದು ಜನರ ಮಾತನ್ನು ಕೇಳಿದರು. ಜನರೊಡನೆ ಹೀಗೆ ಬೆರೆಯುವುದೂ ಅಧ್ಯಯನದಲ್ಲಿ ಮುಳುಗುವುದೂ ಮಿಷನ್ನಿನ ಹಿರಿಯರಿಗೆ ಅಷ್ಟಾಗಿ ಹಿಡಿಸಲಿಲ್ಲ. ಪ್ರಚಾರಕನಾಗಿ ಬಂದವನು ಓಲೆಗರಿಗಳನ್ನು ಏಕೆ ಬಿಡಿಸಬೇಕೆಂದು ಅವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ; ಆದರೆ ಇಂದು ನಮ್ಮ ಕೈಯಲ್ಲಿ ಉಳಿದಿರುವುದು ಆ ಓಲೆಗರಿಗಳ ಫಲವೇ. ಮನೆಯಲ್ಲಿಯೂ ದುಃಖ ತಪ್ಪಲಿಲ್ಲ. 1860ರಲ್ಲಿ ಕೈಹಿಡಿದ ಪತ್ನಿ ಪೌಲೀನರು 1864ರಲ್ಲಿ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ಆಕೆಯ ಸೋದರಿ ಜೂಲಿಯವರನ್ನು ವರಿಸಿದರು.

ಇದಕ್ಕೆ ಮೊದಲೇ, 1862ರಲ್ಲಿ, ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ ಹೊರಬಂದಿತ್ತು. ಮುಂದೆ ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿಯೂ ಮಂಗಳೂರಿನಲ್ಲಿ ಅಚ್ಚುಮಾಡಿಸಿದರು. 1877ರಲ್ಲಿ ಸ್ವದೇಶಕ್ಕೆ ಹೋದವರು ಸುಮ್ಮನಿರಲಾರದೆ, ನಿಘಂಟಿನ ಸಾಮಗ್ರಿಗಾಗಿ 1883ರಲ್ಲಿ ಮತ್ತೆ ಬಂದರು. ಕೊನೆಯ ಬಾರಿ ಈ ನಾಡನ್ನು ಬಿಟ್ಟುದು 1892ರಲ್ಲಿ.

1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಿಂದ ಹೊರಬಂದಿತು. ಸಾವಿರದ ಏಳುನೂರು ಪುಟಗಳನ್ನು ಮೀರಿದ ಗ್ರಂಥ. ಸುಮಾರು 70,000 ಶಬ್ದಗಳು. ಕಾವ್ಯದ ಪದಗಳ ಪಕ್ಕದಲ್ಲಿಯೇ ಗಾದೆಗಳೂ ರೈತರ ಮಾತುಗಳೂ ಅಲ್ಲಿ ಕುಳಿತಿವೆ. ಎರಡು ವರ್ಷಗಳ ಬಳಿಕ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು.

ನಿಘಂಟನ್ನು ಎಲ್ಲರೂ ಹೊಗಳುವರು. ಆದರೆ ಅವರ ವ್ಯಾಕರಣವೂ ಅಷ್ಟೇ ಮೆಚ್ಚತಕ್ಕುದೆಂಬುದು ನಮ್ಮ ಅಭಿಪ್ರಾಯ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಂದೇ ಗ್ರಂಥದಲ್ಲಿ ಹೋಲಿಸಿ ಇಂಗ್ಲಿಷಿನಲ್ಲಿ ಬರೆದ ಗ್ರಂಥವದು. ‘ಎಂದು’, ‘ಎಂಬ’ ಮೊದಲಾದ ರೂಪಗಳಿಗೂ ಅಲ್ಲಿ ಸ್ಥಳವಿದೆ. ಇಂಗ್ಲಿಷಿನ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯದೆ, ಕೇಶಿರಾಜನು ಹಾಕಿದ ದಾರಿಯನ್ನು ಹಿಡಿದು ನಡೆದುದು ಆ ಕೃತಿಯ ಹಿರಿಮೆ.

ಇದು ಅಹಮದಾಬಾದಿನ ಮಕ್ಕಳಿಗೆ ಏತಕ್ಕೆ ಎಂದು ನೀವು ಕೇಳಬಹುದು. ಕೇಳಿ. ಗುಜರಾತಿಯಲ್ಲಿ ‘ತೇಣೇ ಕಹ್ಯುಂ ಕೇ’ ಎನ್ನುವರು. ಆ ‘ಕೇ’ ಇಂಗ್ಲಿಷಿನ ‘ದಟ್’ನಂತೆ ಕ್ರಿಯಾಪದದ ಹಿಂದೆ ಬರುತ್ತದೆ. ಬೀದಿಯಲ್ಲಿ ಗುಜರಾತಿ, ತರಗತಿಯಲ್ಲಿ ಇಂಗ್ಲಿಷ್, ಎರಡೂ ಒಂದೇ ಕಡೆಗೆ ಎಳೆಯುವುದರಿಂದ ನಮ್ಮ ಮಕ್ಕಳ ಬಾಯಲ್ಲಿ ‘ಅಪ್ಪ ಹೇಳಿದರು ಕೇ ನಾಳೆ ರಜೆ’ ಎಂಬ ವಾಕ್ಯ ಕೇಳಿಬರುತ್ತದೆ. ಪದಗಳು ಕನ್ನಡ, ಬೆನ್ನೆಲುಬು ಬೇರೆ. ಸೂರತ್, ವಡೋದರಾಗಳ ಕನ್ನಡ ಮನೆಗಳ ಮಕ್ಕಳಿಗೂ ಇದೇ ಸೆಳೆತವಿದ್ದೀತು. ಗುಜರಾತಿಯ ಮೇಲೆ ನಮಗೆ ಮುನಿಸಿಲ್ಲ. ಅನ್ನವಿತ್ತ ನಾಡಿನ ನುಡಿಯದು. 1820ರಲ್ಲಿ ನಮ್ಮ ಬಳ್ಳಾರಿಯಲ್ಲಿ ಹುಟ್ಟಿದ ಜೋಸೆಫ್ ವಾನ್ ಸೋಮರೆನ್ ಟೇಲರರು ಗುಜರಾತಿಗೆ ವ್ಯಾಕರಣ ಬರೆದು ಹೆಸರಾದವರು. ಜರ್ಮನಿಯವರು ಕನ್ನಡಕ್ಕೆ, ಬಳ್ಳಾರಿಯಲ್ಲಿ ಹುಟ್ಟಿದವರು ಗುಜರಾತಿಗೆ! ಎರಡು ನುಡಿಗಳನ್ನೂ ಅವುಗಳ ನೆಲೆಯಲ್ಲಿಯೇ ಆಡಬೇಕೆಂದಷ್ಟೇ ನಾವು ಹೇಳುವುದು.

ಇಂಗ್ಲಿಷ್ ಬರೆಯುವಾಗಲೂ ಈ ತಿಳಿವಳಿಕೆ ಉಪಯೋಗಕ್ಕೆ ಬರುವುದು. ‘ನಾನು ಬರುತ್ತೇನೆ ಎಂದು ರಾಮನು ಹೇಳಿದನು’ ಎಂಬಲ್ಲಿ ರಾಮನ ‘ನಾನು’ ಹಾಗೆಯೇ ಉಳಿಯಬಹುದು. ಇಂಗ್ಲಿಷಿನಲ್ಲಿ ‘ದಟ್’ ಬಂದೊಡನೆ ಆ ‘ಐ’ ಹೋಗಿ ‘ಹಿ’ ಆಗಬೇಕು. ‘ಸೇ’ ಎಂಬುದರ ಹಿಂದೆ ನೇರವಾಗಿ ‘ದಟ್’ ಬರಬಹುದು. ‘ಟೆಲ್’ ಎಂದರೆ ಯಾರಿಗೆ ಎಂಬುದು ನಡುವೆ ಬರಲೇಬೇಕು. ‘ವಾಂಟ್’ ಎಂಬ ಕ್ರಿಯೆಗೆ ‘ದಟ್’ ಸೇರುವುದೇ ಇಲ್ಲ. ‘ನೀನು ಬರಬೇಕೆಂದು ಬಯಸುತ್ತೇನೆ’ ಎಂಬುದನ್ನು ‘ಐ ವಾಂಟ್ ಯೂ ಟು ಕಮ್’ ಎನ್ನಬೇಕು. ಮಾತಿನಲ್ಲಿ ‘ಸೇ’, ‘ಥಿಂಕ್’, ‘ನೋ’ ಇವುಗಳ ಹಿಂದಿನ ‘ದಟ್’ ಅನೇಕ ವೇಳೆ ಬಿದ್ದುಹೋಗುತ್ತದೆ. ಬರಹದಲ್ಲಿ ಅದನ್ನು ಹೆಚ್ಚಾಗಿ ಉಳಿಸುತ್ತಾರೆ. ನಮ್ಮ ‘ಎಂದು’ ಹಾಗೆ ಸುಲಭವಾಗಿ ಬೀಳುವುದಲ್ಲ. ‘ಮಳೆ ಬರುತ್ತದೆ ಹೇಳಿದರು’ ಎಂದರೆ ಕಿವಿಗೆ ಕುಂಟಿದಂತಾಗುತ್ತದೆ.

ಕಿಟ್ಟೆಲರ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಬೆಳೆಸಿ, ಮದರಾಸು ವಿಶ್ವವಿದ್ಯಾಲಯದ ಮೂಲಕ 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು.