ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ (17 ಜುಲೈ 1837 – 10 ಜುಲೈ 1927) ಅವರು ಶಾಸನತಜ್ಞರು, ಇತಿಹಾಸಕಾರರು ಹಾಗೂ ಶಿಕ್ಷಣಾಧಿಕಾರಿ. ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ 12 ಸಂಪುಟಗಳಲ್ಲಿ ಪ್ರಕಟಿಸಿದವರು. ಇವರನ್ನು ಶಾಸನ ಪಿತಾಮಹ ಎಂದು ಗೌರವದಿಂದ ಕರೆಯಲಾಗುತ್ತದೆ.

ಜನನ ಮತ್ತು ವೃತ್ತಿಜೀವನ

ರೈಸ್ ಅವರು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ ಸಂಸ್ಥೆಯ ಪಾದ್ರಿಯಾಗಿದ್ದರು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಮರಳಿದ ರೈಸ್, 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆಗಿ, ಅನಂತರ ವಿದ್ಯಾ ಇಲಾಖೆಯ ನಿರ್ದೇಶಕರಾಗಿ ಸೇವೆ ಸಲ್ಲಿಸಿದರು. ಮೇಜರ್ ಡಿಕ್ಸನ್ ತೆಗೆದ ಶಾಸನಗಳ ಛಾಯಾಚಿತ್ರಗಳನ್ನು ಅನುವಾದಿಸುವ ಕೆಲಸ ಇವರ ಪಾಲಿಗೆ ಬಂದಿತು. ಅದರ ಫಲವಾಗಿ ‘ಮೈಸೂರ್ ಇನ್ಸ್‌ಕ್ರಿಪ್ಷನ್ಸ್’ 1879ರಲ್ಲಿ ಪ್ರಕಟವಾಯಿತು. ಪುರಾತತ್ತ್ವ ಇಲಾಖೆಯ ಹೊಣೆ ಹೊತ್ತ ಅವರು 1890ರಿಂದ 1906ರವರೆಗೆ ಪೂರ್ಣಾವಧಿ ನಿರ್ದೇಶಕರಾಗಿದ್ದರು.

ಶಾಸನ ಸಂಗ್ರಹ

ರೈಸ್ ಮತ್ತು ಅವರ ಸಹಾಯಕ ಪಂಡಿತರು ಹಳ್ಳಿಗಳಲ್ಲಿ ಸಂಚರಿಸಿ ಸುಮಾರು 9,000 ಶಾಸನಗಳ ಪಾಠಗಳನ್ನು ಸಂಗ್ರಹಿಸಿದರು. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ‘ಬಿಬ್ಲಿಯೊಥಿಕ ಕರ್ನಾಟಿಕ’ ಮಾಲೆಯಲ್ಲಿ ಪಂಪಭಾರತ, ಪಂಪರಾಮಾಯಣ ಮೊದಲಾದ ಹಳಗನ್ನಡ ಕೃತಿಗಳು ಅಚ್ಚಾದವು. ಗಂಗರ ಕೆಲವು ತಾಮ್ರಶಾಸನಗಳು ಕೃತಕವೆಂದು ಜೆ. ಎಫ್. ಫ್ಲೀಟ್ ವಾದಿಸಿದಾಗ, ರೈಸ್ ಅವುಗಳನ್ನು ಸಮರ್ಥಿಸಿದರು.

ದಾವಣಗೆರೆ ಭಾಗದ ಶಾಸನಗಳು

ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದು, ಅವುಗಳ ಶಾಸನಗಳು 1902ರ 7ನೆಯ ಸಂಪುಟದಲ್ಲಿವೆ. ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರಿನವು 11ನೆಯ ಸಂಪುಟದಲ್ಲಿವೆ. ಇಂದಿನ ನ್ಯಾಮತಿ ತಾಲ್ಲೂಕು ಅಂದು ಹೊನ್ನಾಳಿಯ ಭಾಗವಾಗಿತ್ತು. ಸಿಂದ ಅರಸರ ನೆಲೆಯಾಗಿದ್ದ ಬೆಳಗುತ್ತಿಯ ಶಾಸನಗಳು ಆ ಕಾರಣದಿಂದ ಹೊನ್ನಾಳಿಯ ಪಟ್ಟಿಯಲ್ಲಿ ದೊರೆಯುತ್ತವೆ. ಈ ನಾಲ್ಕು ತಾಲ್ಲೂಕುಗಳೂ ಈಗ ದಾವಣಗೆರೆ ಜಿಲ್ಲೆಗೆ ಸೇರಿವೆ.

ಪುರಾವಸ್ತು ರಕ್ಷಣೆಯಲ್ಲಿ ಮಹತ್ವ

ಪ್ರತಿಯೊಂದು ಶಾಸನಕ್ಕೂ ತಾಲ್ಲೂಕುವಾರು ಸಂಖ್ಯೆ, ಗ್ರಾಮ ಹಾಗೂ ಕಲ್ಲು ನಿಂತಿರುವ ಜಾಗವನ್ನು ರೈಸ್ ನಮೂದಿಸಿದ್ದಾರೆ. ದೇವಾಲಯಗಳ ಪುರಾವಸ್ತುಗಳ ಕಳ್ಳಸಾಗಣೆಯಲ್ಲಿ ವಸ್ತುವಿನ ಮೂಲಸ್ಥಾನವನ್ನು ಮರೆಮಾಚಿ ಸುಳ್ಳು ಕಾಗದಪತ್ರ ಸೃಷ್ಟಿಸುವುದು ಸಾಮಾನ್ಯ. ಆದ್ದರಿಂದ ಮೂಲಸ್ಥಾನದ ಲಿಖಿತ ದಾಖಲೆಯೇ ಮರುವಶಕ್ಕೆ ಮುಖ್ಯ ಆಧಾರವಾಗುತ್ತದೆ. ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದಿಂದ ಕಳವಾಗಿ ಆಸ್ಟ್ರೇಲಿಯದ ರಾಷ್ಟ್ರೀಯ ಗ್ಯಾಲರಿಗೆ ಮಾರಾಟವಾಗಿದ್ದ ನಟರಾಜ ವಿಗ್ರಹದ ಗುರುತಿಗೆ ಪುದುಚೇರಿಯ ಫ್ರೆಂಚ್ ಸಂಸ್ಥೆಯ ಹಳೆಯ ಛಾಯಾಚಿತ್ರಗಳು ನೆರವಾದವು. ಅದು 2014ರಲ್ಲಿ ಭಾರತಕ್ಕೆ ಮರಳಿತು. ಭಾರತದ 1972ರ ಪುರಾವಸ್ತು ಕಾಯಿದೆಯು ಇಂತಹ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವುದನ್ನು ನಿಷೇಧಿಸಿದೆ.

ರೈಸ್ ಅವರ ಸಂಪುಟಗಳಿಗೆ ಒಂದು ಮಿತಿಯೂ ಇದೆ. ಅವು ಮುಖ್ಯವಾಗಿ ಬರಹವುಳ್ಳ ಕಲ್ಲು ಮತ್ತು ತಾಮ್ರಪಟಗಳ ದಾಖಲೆಗಳು. ಬರಹವಿಲ್ಲದ ವಿಗ್ರಹವೊಂದು ಕಳವಾದರೆ, ಅದು ಆ ಗ್ರಾಮದ್ದೆಂದು ಸಾಧಿಸಲು ಈ ಸಂಪುಟಗಳಷ್ಟೇ ಸಾಲವು.

ಕೊನೆಯ ದಿನಗಳು

1906ರಲ್ಲಿ ನಿವೃತ್ತರಾದ ರೈಸ್ ಇಂಗ್ಲೆಂಡಿಗೆ ತೆರಳಿದರು. ಅವರ ಸ್ಥಾನಕ್ಕೆ ಆರ್. ನರಸಿಂಹಾಚಾರ್ಯರು ಬಂದರು. ಶಾಸನಗಳ ಆಧಾರದ ಮೇಲೆ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ನಿರೂಪಿಸುವ ರೈಸ್ ಅವರ ಗ್ರಂಥ 1909ರಲ್ಲಿ ಹೊರಬಂದಿತು. 1927ರಲ್ಲಿ ಹ್ಯಾರೋದಲ್ಲಿ ಅವರು ನಿಧನರಾದರು. ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ಪ್ರಕಟಿಸತೊಡಗಿತು.