ರಸಿಕರನ್ನು ಮಾಯಬಾಪರೆಂದ ಮಹಾನಟ

ಪುಣೆಯ ಬಾಲಗಂಧರ್ವ ರಂಗಮಂದಿರದ ಮುಂದೆ ಹಾಯುವ ನಮ್ಮ ಬಂಧುಗಳೆಷ್ಟೋ ಮಂದಿ. ಆ ಹೆಸರಿನ ಮಹಾನಟರು ನಾರಾಯಣ ಶ್ರೀಪಾದ ರಾಜಹಂಸರು; ಜನನ 1888. ಬಾಲಗಂಧರ್ವರೆಂಬ ಬಿರುದು ಲೋಕಮಾನ್ಯ ತಿಲಕರಿಂದ ಬಂದುದೆಂದು ಪ್ರತೀತಿ. 1905ರಲ್ಲಿ ಅವರು ಸೇರಿದ ಕಿರ್ಲೋಸ್ಕರ ನಾಟಕ ಮಂಡಳಿಯ ಸ್ಥಾಪಕರಾದ ಅಣ್ಣಾಸಾಹೇಬರು ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೆಂಬುದು ಅಭಿಮಾನದ ಸಂಗತಿ.

ಸ್ತ್ರೀಪಾತ್ರಗಳಲ್ಲಿ ಅವರು ಸೀರೆಯುಟ್ಟ ಬಗೆಯನ್ನು ಕುಲಸ್ತ್ರೀಯರೇ ಅನುಕರಿಸಿದರು. ಇಷ್ಟು ಕೀರ್ತಿ ಬಂದವರಿಗೆ ಎದುರಿನ ಮನುಷ್ಯನು ಕಾಣುವುದು ಅಪರೂಪ. ಗಲ್ಲಾದ ಹಿಂದೆ ಕುಳಿತು ಅಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವರಾದರೋ ಪ್ರೇಕ್ಷಕರನ್ನು ಮಾಯಬಾಪರೆಂದೇ ಕರೆಯುತ್ತಿದ್ದರು. ಒನ್ಸ್ ಮೋರ್ ಎಂಬ ಕೂಗೆದ್ದರೆ ಬೇಸರವಿಲ್ಲದೆ ಮತ್ತೆ ಹಾಡುವರು. ಆಟ ಮುಗಿಯುವಾಗ ಬೆಳಗಾದುದೂ ಉಂಟು.

1911ರ ಮಾರ್ಚ್ 12ರಂದು ಮುಂಬಯಿಯಲ್ಲಿ ‘ಮಾನಾಪಮಾನ’ದ ಪ್ರಥಮ ಪ್ರಯೋಗ. ಅದೇ ದಿನ ಅವರ ಎಳೆಯ ಮಗಳು ತೀರಿಕೊಂಡಳು. ಆಟವನ್ನು ಮುಂದೂಡೋಣವೆಂದವರಿದ್ದರು. ಕೂಡಿದ ರಸಿಕರನ್ನು ಹಿಂದಕ್ಕೆ ಕಳುಹಿಸಲು ಅವರ ಮನಸ್ಸು ಒಪ್ಪಲಿಲ್ಲ. ಬಣ್ಣ ಹಚ್ಚಿ ರಂಗಕ್ಕೆ ಬಂದು ನಗುನಗುತ್ತ ಹಾಡಿದರು. ಜನರು ಇದನ್ನು ಇಂದಿಗೂ ಕೊಂಡಾಡುತ್ತಾರೆ. ಆದರೆ ವಾಚಕರೇ, ಆ ರಾತ್ರಿ ಮಗುವಿನ ತಾಯಿಯ ಪಾಡೇನೆಂದು ಕೇಳಿದವರು ಕಡಿಮೆ.

1913ರಲ್ಲಿ ಸ್ವಂತ ಮಂಡಳಿ ಕಟ್ಟಿದರು. ರಸಿಕರಿಗೆ ಕಳಪೆಯದನ್ನು ತೋರಿಸಬಾರದೆಂದು ಬೆಲೆಬಾಳುವ ವಸ್ತ್ರಗಳಿಗೂ ಅತ್ತರಿಗೂ ಹಣ ಸುರಿದು ಸಾಲದಲ್ಲಿ ಮುಳುಗಿದರು. ವ್ಯಾಪಾರಿಯ ಕಣ್ಣಿಗೆ ಇದು ಶುದ್ಧ ಅವಿವೇಕ. 1935ರಲ್ಲಿ ಪ್ರಭಾತದ ‘ಧರ್ಮಾತ್ಮಾ’ ಚಿತ್ರದಲ್ಲಿ ನಟಿಸಿದರೂ, ಎದುರಿಗೆ ಜನರಿಲ್ಲದ ಆ ಲೋಕ ಒಗ್ಗದೆ ರಂಗಭೂಮಿಗೆ ಮರಳಿದರು.

ಮುಪ್ಪಿನಲ್ಲಿ ಕಾಲುಗಳ ಶಕ್ತಿ ಉಡುಗಿತು. 1962ರಲ್ಲಿ ಪುಣೆಯ ರಂಗಮಂದಿರಕ್ಕೆ ಅಡಿಗಲ್ಲಿಟ್ಟವರು ಅವರೇ. 1967ರ ಜುಲೈ 15ರಂದು ನಿಧನರಾದರು. ಮಂದಿರದ ಬಾಗಿಲು ತೆರೆದುದು ಮರುವರ್ಷ.