ಮರದ ದಿಮ್ಮಿಯ ಮೇಲೆ ಬಿಡಿಸಿದ ಒಗಟು

ನಮ್ಮ ಲ್ಯಾಬಿನಲ್ಲಿ ಉಕ್ಕಿನ ಸರಳನ್ನು ಯಂತ್ರಕ್ಕೆ ಸಿಕ್ಕಿಸಿ ಎರಡೂ ಕಡೆಯಿಂದ ಎಳೆಯುವ ಪ್ರಯೋಗವೊಂದಿದೆ. ಸರಳು ಒಮ್ಮೆಲೇ ತುಂಡಾಗುವುದಿಲ್ಲ. ಮೊದಲು ಉದ್ದವಾಗುತ್ತದೆ, ಆಮೇಲೆ ಒಂದು ಕಡೆ ಸೊಂಟದಂತೆ ಸಣ್ಣಗಾಗುತ್ತದೆ, ಕೊನೆಗೆ ಅಲ್ಲೇ ಟಪ್ಪೆಂದು ಮುರಿಯುತ್ತದೆ. ಕಣ್ಣಿಗೆ ಕಾಣದ ಪರಮಾಣುವಿನ ನ್ಯೂಕ್ಲಿಯಸ್ಸೂ ಒಡೆಯುವ ಮುನ್ನ ಹೀಗೆಯೇ ಆಕಾರ ಬದಲಿಸುತ್ತದೆ ಎಂದು ಓದಿದಾಗ ನನಗೆ ಆ ಸರಳೇ ನೆನಪಾಯಿತು. ಅದನ್ನು ಮೊದಲು ಅರಿತವರಲ್ಲಿ ಒಬ್ಬರು ಲೀಸೆ ಮೈಟ್ನರ್.

1878ರಲ್ಲಿ ವಿಯೆನ್ನಾದ ವಕೀಲರೊಬ್ಬರ ಮನೆಯಲ್ಲಿ ಹುಟ್ಟಿದ ಲೀಸೆಗೆ ಹದಿನಾಲ್ಕಕ್ಕೇ ಶಾಲೆ ಮುಗಿಯಿತು. ಅಲ್ಲಿ ಹೆಣ್ಣುಮಕ್ಕಳಿಗೆ ಅಷ್ಟೇ ಓದು. ವಿಶ್ವವಿದ್ಯಾಲಯದ ಬಾಗಿಲು ತೆರೆದ ಮೇಲೆ ಖಾಸಗಿಯಾಗಿ ಓದಿ, 1901ರಲ್ಲಿ ಒಳಹೊಕ್ಕರು. ಡಾಕ್ಟರೇಟ್ ಪಡೆದು 1907ರಲ್ಲಿ ಬರ್ಲಿನ್‌ಗೆ ಹೋದಾಗ ರಸಾಯನ ವಿಜ್ಞಾನಿ ಒಟ್ಟೊ ಹಾನ್ ಜೊತೆಯಾದರು. ಆದರೆ ಹೆಣ್ಣೆಂಬ ಕಾರಣಕ್ಕೆ ಸಂಸ್ಥೆಯ ಮೇಲಿನ ಮಹಡಿಗಳಿಗೆ ಪ್ರವೇಶವಿರಲಿಲ್ಲ. ನೆಲಮಾಳಿಗೆಯಲ್ಲಿದ್ದ ಹಳೆಯ ಬಡಗಿ ಕೋಣೆಯೇ ಪ್ರಯೋಗಾಲಯ. ಅಲ್ಲಿಂದ ಶುರುಮಾಡಿ, 1926ರ ಹೊತ್ತಿಗೆ ಅವರು ಜರ್ಮನಿಯ ಮೊದಲ ಮಹಿಳಾ ಭೌತವಿಜ್ಞಾನ ಪ್ರಾಧ್ಯಾಪಕಿಯಾದರು.

ಹಿಟ್ಲರ್ ಬಂದ. ಯಹೂದಿ ಕುಟುಂಬದಲ್ಲಿ ಹುಟ್ಟಿದ್ದರಿಂದ 1933ರಲ್ಲಿ ಪಾಠ ಮಾಡುವ ಹಕ್ಕು ಹೋಯಿತು. 1938ರಲ್ಲಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿದಾಗ ಅವರ ಪಾಸ್‌ಪೋರ್ಟಿಗೂ ಬೆಲೆ ಇಲ್ಲದಾಯಿತು. ಆ ಜುಲೈನಲ್ಲಿ, ಐವತ್ತೊಂಬತ್ತರ ವಯಸ್ಸಿನಲ್ಲಿ, ಪರ್ಸಿನಲ್ಲಿ ಹತ್ತು ಮಾರ್ಕ್ ಇಟ್ಟುಕೊಂಡು ರೈಲಿನಲ್ಲಿ ಗಡಿ ದಾಟಿದರು. ಗಡಿಯಲ್ಲಿ ಬೇಕಾದೀತೆಂದು ಹಾನ್ ತಮ್ಮ ತಾಯಿಯ ವಜ್ರದ ಉಂಗುರವನ್ನು ಕೊಟ್ಟಿದ್ದರು.

ಸ್ವೀಡನ್ನಿನಲ್ಲಿದ್ದ ಲೀಸೆಗೆ ಡಿಸೆಂಬರಿನಲ್ಲಿ ಹಾನ್ ಅವರ ಪತ್ರ ಬಂತು. ಯುರೇನಿಯಂಗೆ ನ್ಯೂಟ್ರಾನ್ ಹೊಡೆದರೆ ಬೇರಿಯಂ ಸಿಗುತ್ತಿದೆ, ಕಾರಣ ತಿಳಿಯುತ್ತಿಲ್ಲ. ಬೇರಿಯಂನ ತೂಕವೋ ಯುರೇನಿಯಂನ ಹೆಚ್ಚುಕಡಿಮೆ ಅರ್ಧ! ಕ್ರಿಸ್‌ಮಸ್ ರಜೆಗೆ ಬಂದಿದ್ದ ಅಕ್ಕನ ಮಗ ಒಟ್ಟೊ ಫ್ರಿಶ್ ಜೊತೆ ಕುಂಗೆಲ್ವ್ ಊರಿನ ಹಿಮದಲ್ಲಿ ಲೀಸೆ ಹೊರಟರು. ಅವನು ಸ್ಕೀ ಕಟ್ಟಿಕೊಂಡಿದ್ದ, ಇವರು ನಡೆದೇ ಸರಿಸಮ ಸಾಗಿದರು. ಕೊನೆಗೆ ಮರದ ದಿಮ್ಮಿಯೊಂದರ ಮೇಲೆ ಕುಳಿತು ಚೂರು ಕಾಗದದಲ್ಲಿ ಲೆಕ್ಕ ಹಾಕತೊಡಗಿದರು.

ಕೆಸುವಿನ ಎಲೆಯ ಮೇಲಿನ ನೀರಹನಿಯನ್ನು ನೆನಪಿಸಿಕೊಳ್ಳಿ. ಮೇಲ್ಮೈ ಎಳೆತ ಅದನ್ನು ದುಂಡಗೆ ಹಿಡಿದಿಟ್ಟಿರುತ್ತದೆ. ನ್ಯೂಕ್ಲಿಯಸ್ಸೂ ಅಂಥದ್ದೇ ಹನಿ. ಆದರೆ ಯುರೇನಿಯಂನಲ್ಲಿರುವ 92 ಪ್ರೋಟಾನುಗಳು ಒಂದನ್ನೊಂದು ದೂಡುತ್ತ ಆ ಹಿಡಿತವನ್ನು ಬಹುಪಾಲು ಸಡಿಲಿಸಿರುತ್ತವೆ. ಒಂದು ನ್ಯೂಟ್ರಾನ್ ಒಳಹೊಕ್ಕರೆ ಸಾಕು, ಹನಿ ಅಲುಗಾಡಿ ಉದ್ದವಾಗಿ, ನಡು ಸಣ್ಣಗಾಗಿ ಎರಡಾಗುತ್ತದೆ. ಬೇರಿಯಂ 56, ಕ್ರಿಪ್ಟಾನ್ 36, ಒಟ್ಟು 92. ಎರಡು ಚೂರುಗಳು ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿಂದ ದೂರ ಚಿಮ್ಮಬೇಕು. ಅಷ್ಟು ಶಕ್ತಿ ಎಲ್ಲಿಂದ? ಲೀಸೆ ನೆನಪಿನಿಂದಲೇ ಲೆಕ್ಕ ಮಾಡಿದರು. ಒಡೆದಾಗ ಪ್ರೋಟಾನಿನ ಐದನೇ ಒಂದು ಭಾಗದಷ್ಟು ರಾಶಿ ಕಡಿಮೆಯಾಗುತ್ತದೆ. ಐನ್‌ಸ್ಟೈನರ ಸೂತ್ರಕ್ಕೆ ಹಾಕಿದರೆ ಅದೇ 200! ಇದೇ ಬೈಜಿಕ ವಿದಳನ. 1939ರ ಫೆಬ್ರುವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇಬ್ಬರ ಲೇಖನ ಪ್ರಕಟವಾಯಿತು. ಹೊರಗಿನಿಂದ ಯಾರೂ ಹೊಡೆಯದಿದ್ದರೂ ಎಷ್ಟೋ ನ್ಯೂಕ್ಲಿಯಸ್ಸುಗಳು ದುಂಡಗಿರದೆ ಉದ್ದುದ್ದ ಇರುತ್ತವೆ ಎಂಬುದನ್ನು ಮುಂದೆ ಬೇರೆಯವರು ವಿವರಿಸಿ, 1975ರಲ್ಲಿ ನೊಬೆಲ್ ಪಡೆದರು.

ವಿದಳನಕ್ಕೆ ಸಂದ 1944ರ ರಸಾಯನ ವಿಜ್ಞಾನ ನೊಬೆಲ್ ಮಾತ್ರ ಹಾನ್ ಒಬ್ಬರಿಗೇ. ಆ ಸಂಶೋಧನೆಗೆ 1934ರಲ್ಲಿ ಹಾನ್ ಅವರನ್ನು ಒಪ್ಪಿಸಿ ಕರೆತಂದಿದ್ದೇ ಲೀಸೆ. ಆದರೂ ಇಬ್ಬರ ಸ್ನೇಹ ಮುರಿಯಲಿಲ್ಲ. ಬಾಂಬ್ ತಯಾರಿಕೆಗೆ ಕರೆ ಬಂದಾಗ ಅವರು ಖಡಾಖಂಡಿತವಾಗಿ ಒಲ್ಲೆ ಎಂದರು. 1968ರಲ್ಲಿ ಕೇಂಬ್ರಿಡ್ಜ್‌ನಲ್ಲಿ ತೀರಿಕೊಂಡರು. ತೊಂಬತ್ತು ತುಂಬಲು ಕೆಲವೇ ದಿನಗಳಿದ್ದವು. 1997ರಲ್ಲಿ 109ನೇ ಧಾತುವಿಗೆ ಮೈಟ್ನೇರಿಯಂ ಎಂಬ ಹೆಸರು ಬಂತು.

ನಮ್ಮ ಬ್ಯಾಚಿನಲ್ಲಿ ನಾಲ್ವರಿದ್ದೇವೆ. ಒಬ್ಬ ಯಂತ್ರ ನಡೆಸುತ್ತಾನೆ, ಒಬ್ಬಳು ಮೂಲೆಯಲ್ಲಿ ಕುಳಿತು ಲೆಕ್ಕ ಮಾಡುತ್ತಾಳೆ. ಸರ್ ಬಂದು ಕೇಳಿದಾಗ ಉತ್ತರ ಹೇಳುವವನು ಯಂತ್ರದ ಬಳಿ ನಿಂತವನೇ. ಮುಂದಿನ ಸಲ ಉತ್ತರ ಹೇಳುವ ಮೊದಲು ಮೂಲೆಯತ್ತ ತಿರುಗಬೇಕು ಅಂದುಕೊಂಡಿದ್ದೇನೆ. ಯಂತ್ರದ ಬಳಿ ನಿಲ್ಲುವವನು ನಾನೇ.